ವಿಕ್ಕಾ ಕಲಿಯುವವರಿಗೆ ಬೆಂಗಳೂರಿನ ಬಿಸಿಲೇ ಪಾಠ

ವಿಕ್ಕಾ ಎಂದೊಡನೆ ಮನೆಯ ಹಿರಿಯರಿಗೆ ನೆನಪಾಗುವುದು ಮೂರು ದಾರಿ ಕೂಡುವಲ್ಲಿ ಬಿದ್ದ ನಿಂಬೆಹಣ್ಣು, ಕುಂಕುಮ. ಆ ಮಾಟಕ್ಕೂ ಇದಕ್ಕೂ ಸಂಬಂಧವಿಲ್ಲ. ಇಂಗ್ಲೆಂಡಿನಲ್ಲಿ 1951ರಲ್ಲಿ ಹಳೆಯ ಮಾಟಗಾತಿ ಕಾಯ್ದೆ ರದ್ದಾಯಿತು. 1954ರಲ್ಲಿ ಜೆರಾಲ್ಡ್ ಗಾರ್ಡ್ನರ್ 'ವಿಚ್‌ಕ್ರಾಫ್ಟ್ ಟುಡೇ' ಪುಸ್ತಕ ಬರೆದು ವಿಕ್ಕಾ ಧರ್ಮವನ್ನು ಹೊರಜಗತ್ತಿಗೆ ಪರಿಚಯಿಸಿದರು. ದೇವಿಯನ್ನೂ ಕೊಂಬುಳ್ಳ ದೇವನನ್ನೂ ಆರಾಧಿಸುವುದು, ಚಂದ್ರನ ವೃದ್ಧಿ ಕ್ಷಯವನ್ನು ಗಮನಿಸುವುದು, ವರ್ಷಕ್ಕೆ ಎಂಟು ಋತುಹಬ್ಬ ಆಚರಿಸುವುದು, ಯಾರಿಗೂ ಕೇಡು ಬಗೆಯದಿರುವುದು ಅದರ ತಿರುಳು. ನಮ್ಮ ದೇಶದಲ್ಲಿ ತಾನು ವಿಕ್ಕನ್ ಎಂದು ಬಹಿರಂಗವಾಗಿ ಹೇಳಿಕೊಂಡು ಹೆಸರಾದವರು ಕೋಲ್ಕತ್ತದ ಇಪ್ಸಿತಾ ರಾಯ್ ಚಕ್ರವರ್ತಿ.

ಇದಕ್ಕೆ ಗುರು, ಮಂಡಳಿ, ದೀಕ್ಷೆ ಬೇಕೇ ಬೇಕೇನೋ ಎಂದು ಹೊಸಬರು ಅಳುಕುವುದುಂಟು. ಸ್ಕಾಟ್ ಕನಿಂಗ್‌ಹ್ಯಾಮ್ 1988ರಲ್ಲೇ ಒಂಟಿಯಾಗಿ ಸಾಧನೆ ಮಾಡುವವರಿಗೆಂದು ಪುಸ್ತಕ ಬರೆದರು. ದೀಕ್ಷೆ ಕೊಡುವ ಅನೇಕ ಮಂಡಳಿಗಳೂ ಅದಕ್ಕೆ ಮುಂಚೆ ಒಂದು ವರ್ಷ ಒಂದು ದಿನ ಕಲಿಯಲು ಹೇಳುತ್ತವೆ. ಅವಸರ ಅವರಿಗೇ ಇಲ್ಲದ ಮೇಲೆ ನಮಗೇಕೆ?

ನಿಧಾನಕ್ಕೆ ಇನ್ನೂ ದೊಡ್ಡ ಕಾರಣವೊಂದಿದೆ. ವಿಕ್ಕಾದ ಎಂಟು ಹಬ್ಬಗಳು ಒಂದು ಸರಣಿಯಾಗಿ ರೂಪುಗೊಂಡದ್ದು ಇಂಗ್ಲೆಂಡಿನ ಚಳಿಯಲ್ಲಿ. ಡಿಸೆಂಬರಿನಲ್ಲಿ ಲಂಡನ್ನಿನ ಹಗಲು ಎಂಟು ಗಂಟೆಗೂ ಕಡಿಮೆ, ಜೂನ್‌ನಲ್ಲಿ ಹದಿನಾರೂವರೆ ಗಂಟೆ. ಸೂರ್ಯ ಮರಳಿ ಬಂದ ಎಂದು ಅಲ್ಲಿ ಬೆಂಕಿ ಹಚ್ಚಿ ಸಂಭ್ರಮಿಸುವುದು ಸಹಜ. ಬೆಂಗಳೂರಿನಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡದ್ದಕ್ಕೂ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ ಮಾತ್ರ. ಹಾಗಾಗಿ ಇಲ್ಲಿಯ ಕಲಿಕೆ ಇಲ್ಲಿಯ ಬಿಸಿಲನ್ನು ನೋಡುವುದರಿಂದಲೇ ಶುರುವಾಗಬೇಕು.

ಅದಕ್ಕೆ ಗವಿಪುರದ ಗವಿ ಗಂಗಾಧರೇಶ್ವರ ಗುಡಿಗಿಂತ ಒಳ್ಳೆಯ ಶಾಲೆ ನನಗೆ ಕಾಣದು. ಸಂಕ್ರಾಂತಿಯ ಸಂಜೆ ಬಿಸಿಲಿನ ಕೋಲೊಂದು ಕಿಟಕಿ ದಾಟಿ, ನಂದಿಯನ್ನು ಹಾದು, ಗವಿಯೊಳಗಿನ ಲಿಂಗವನ್ನು ಮುಟ್ಟುತ್ತದೆ. ಲಿಂಗಕ್ಕೆ ಬಿಸಿಲು ಬೀಳುವುದು ವರ್ಷಕ್ಕೆ ಎರಡು ಸಲ, ನವೆಂಬರ್ ಕೊನೆಯ ಹೊತ್ತಿಗೂ ಒಮ್ಮೆ ಎಂದು ತಾರಾಲಯದ ಬಿ.ಎಸ್. ಶೈಲಜಾ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದರು. ಸಂಕ್ರಾಂತಿಯ ನೂಕುನುಗ್ಗಲು ಬೇಡವೆಂದರೆ ನವೆಂಬರ್ ಕೊನೆಗೆ ಹೋಗಬಹುದು. ಸುಗ್ಗಿಯ ಹಬ್ಬಕ್ಕೂ ದೂರ ಹೋಗಬೇಕಿಲ್ಲ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆ ಇದೆ. ಅಗಲಿದವರನ್ನು ನೆನೆಯಲು ವಿಕ್ಕಾದ ಎಂಟು ಹಬ್ಬಗಳಲ್ಲಿ ಅಕ್ಟೋಬರ್ 31ರ ಸಾವೆನ್ ಇದ್ದಂತೆ ನಮಗೆ ಮಹಾಲಯ ಅಮಾವಾಸ್ಯೆ ಇದೆ. ಎರಡೂ ಒಂದೇ ಎಂದು ನಾನು ಹೇಳುತ್ತಿಲ್ಲ. ಒಂದನ್ನು ಬಲ್ಲವರಿಗೆ ಇನ್ನೊಂದರ ಭಾವ ಬೇಗ ಹತ್ತಿರವಾಗುತ್ತದೆ.

ಸಾಮಾನಿಗೆ ಹೆಚ್ಚು ಖರ್ಚು ಮಾಡಬೇಡಿ. ಆನ್‌ಲೈನಿನಲ್ಲಿ ಮಾರುವ ಬಿಳಿ ಸೇಜ್ ಕ್ಯಾಲಿಫೋರ್ನಿಯಾ ಕಡೆಯ ಕಾಡುಗಿಡ, ಅತಿಯಾಗಿ ಕಿತ್ತು ಅಲ್ಲಿ ಅದಕ್ಕೆ ಕುತ್ತು ಬಂದಿದೆ. ಗ್ರಂಧಿಗೆ ಅಂಗಡಿಯ ಸಾಂಬ್ರಾಣಿ, ಲಾವಂಚ ಸಾಕು. ಶುಚಿಯಾದ ಮಣೆಯ ಮೇಲೆ ಒಂದು ಬಟ್ಟಲು ನೀರು, ಚಿಟಿಕೆ ಉಪ್ಪು, ದೀಪ, ಧೂಪ: ಜಲ, ಭೂಮಿ, ಅಗ್ನಿ, ವಾಯು ನಾಲ್ಕೂ ಬಂದವು. ಹತ್ತು ನಿಮಿಷ ಉಸಿರು ಗಮನಿಸುತ್ತ ಕೂತು, ಎದ್ದ ಮೇಲೆ ಪುಸ್ತಕದಲ್ಲಿ ತಾರೀಕು, ತಿಥಿ, ಕಂಡದ್ದು, ಅನಿಸಿದ್ದು ಬರೆದಿಡಿ. ಜಯನಗರದ ರಸ್ತೆಗಳಲ್ಲಿ ಗುಲಾಬಿ ಟಬೆಬುಯಾ ಯಾವ ವಾರ ಅರಳಿತು, ಗುಲ್‌ಮೊಹರ್ ಯಾವಾಗ ಕೆಂಪಾಯಿತು ಎಂಬುದೂ ಅದರಲ್ಲಿ ಬರಲಿ. ವಾರಗಟ್ಟಲೆ ಬಿಟ್ಟುಹೋದರೆ ಪೇಚಾಡಬೇಡಿ, ಬಿಟ್ಟಲ್ಲಿಂದ ಮುಂದುವರಿಸಿ. ಏನೂ ಅನಿಸದ ದಿನ 'ಏನೂ ಅನಿಸಲಿಲ್ಲ' ಎಂದೇ ಬರೆಯಿರಿ, ಅದೂ ಕಲಿಕೆಯೇ.

ಒಂದು ಎಚ್ಚರ ಮಾತ್ರ ಇರಲಿ. ಕಾಯಿಲೆಗೆ ವೈದ್ಯರೇ ಬೇಕು, ಮನಸ್ಸು ಕುಗ್ಗಿದರೆ ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಇದೆ. ದೆವ್ವ ಬಿಡಿಸುವ ನೆಪದಲ್ಲಿ ಹಿಂಸಿಸುವುದು, ನಿಧಿಯಾಸೆಗೆ ವಾಮಾಚಾರ ಮಾಡುವುದು ಕರ್ನಾಟಕದ 2017ರ ಕಾಯ್ದೆಯಡಿ ಅಪರಾಧ. ಭಯ ಹುಟ್ಟಿಸಿ ದುಡ್ಡು ಕೇಳುವವರು ಯಾರೇ ಬಂದರೂ, ಯಾವ ಹೆಸರಿನಲ್ಲೇ ಬಂದರೂ, ಒಂದು ರೂಪಾಯಿಯನ್ನೂ ಕೊಡದೆ ಪೊಲೀಸರಿಗೆ ದೂರು ಕೊಡಿ.