ಡಾಕ್ಟರ್ ಡಾಂಕ್ವಾ ಅವರ ಕೊನೆಯ ಸೆರೆ

ಪಶ್ಚಿಮ ಆಫ್ರಿಕದ ಗೋಲ್ಡ್ ಕೋಸ್ಟಿಗೆ ‘ಘಾನಾ’ ಎಂಬ ಹೆಸರನ್ನು ಪ್ರತಿಪಾದಿಸಿದವರಲ್ಲಿ ನ್ಯಾಯವಾದಿ ಜೆ. ಬಿ. ಡಾಂಕ್ವಾ ಅಗ್ರಗಣ್ಯರು. 1947ರಲ್ಲಿ ಅವರು ಮಿತ್ರರೊಡನೆ ಕಟ್ಟಿದ ಪಕ್ಷಕ್ಕೆ ಕಾರ್ಯದರ್ಶಿಯಾಗಿ ಬಂದವರೇ ಎನ್‌ಕ್ರುಮಾ. 1948ರಲ್ಲಿ ಬ್ರಿಟಿಷರು ಇಬ್ಬರನ್ನೂ ಬಂಧಿಸಿದರು. ಮರುವರ್ಷವೇ ಅವರ ದಾರಿಗಳು ಬೇರೆಯಾದವು.

1951ರಲ್ಲಿ ಶಾಸನಸಭೆಯನ್ನು ಸೇರಿದ ಡಾಂಕ್ವಾ 1954ರಲ್ಲಿ ಸೋತರು. ಅರಸುಮನೆತನದ ನಂಟಿನ ಇವರು ಜನಸಾಮಾನ್ಯರಿಂದ ದೂರವೆಂಬುದು ಎದುರಾಳಿಗಳ ಆಕ್ಷೇಪವಾಗಿದ್ದಿತು. 1957ರಲ್ಲಿ ಎನ್‌ಕ್ರುಮಾರ ನಾಯಕತ್ವದಲ್ಲಿ ದೇಶವು ಸ್ವತಂತ್ರವಾಯಿತು. 1960ರ ಅಧ್ಯಕ್ಷ ಚುನಾವಣೆಯಲ್ಲಿ ಅವರೆದುರು ನಿಂತ ಡಾಂಕ್ವಾ ಪರಾಭವಗೊಂಡರು.

ವಿಚಾರಣೆಯಿಲ್ಲದೆ ಸೆರೆಯಿಡುವ 1958ರ ಕಾನೂನನ್ನು ಬಂಧಿತರ ಪರವಾಗಿ ನ್ಯಾಯಾಲಯದಲ್ಲಿ ಪ್ರಶ್ನಿಸಿದ ಅವರನ್ನೇ ಅದೇ ಕಾನೂನು 1961ರಲ್ಲಿಯೂ 1964ರಲ್ಲಿಯೂ ಹಿಡಿಯಿತು. 1965ರ ಫೆಬ್ರವರಿ 4ರಂದು ನ್ಸಾವಮ್ ಸೆರೆಮನೆಯಲ್ಲಿ ಅವರು ಅಸುನೀಗಿದರು.

ಚುನಾವಣೆಯಲ್ಲಿ ಸೋತವನಿಗೂ ಮಾತನಾಡುವ ಹಕ್ಕುಂಟು. ಅದನ್ನು ಕಸಿದುಕೊಂಡಲ್ಲಿ ಸ್ವಾತಂತ್ರ್ಯವು ಹೆಸರಿಗೆ ಮಾತ್ರ ಉಳಿಯುವುದು.