ಮಕ್ಕಳ ಕೈಗೆ ಮೊಬೈಲ್ ಕೊಡುವ ಮುನ್ನ: ಪೋಷಕರು ಹಾಕಬಹುದಾದ ಬೀಗಗಳು

ಸಲೈನ್ ಏರಿಸುವಾಗ ಮಗು ಅಳುತ್ತದೆ. ಕೈಗೆ ಮೊಬೈಲ್ ಕೊಟ್ಟರೆ ಸುಮ್ಮನಾಗುತ್ತದೆ. ರೋಗಿಯ ಆರೈಕೆಗೆಂದು ಬಂದ ತಾಯಂದಿರು ಊರಿನಲ್ಲಿ ಅಜ್ಜಿಯ ಬಳಿ ಬಿಟ್ಟು ಬಂದ ಮಕ್ಕಳಿಗೂ ಮೊಬೈಲೇ ಜೊತೆಗಾರ. ಇಂಥ ಸಮಯದಲ್ಲಿ ಮೊಬೈಲ್ ಕೊಡಲೇಬಾರದು ಎಂದು ಹೇಳುವುದು ಸುಲಭ, ಪಾಲಿಸುವುದು ಕಷ್ಟ. ಆದರೆ ಅದೇ ಮೊಬೈಲಿನಲ್ಲಿ ಅಶ್ಲೀಲ ಚಿತ್ರ, ಹಿಂಸೆಯ ವಿಡಿಯೊ, ಹಣ ಕೀಳುವ ಆಟ, ಅಪರಿಚಿತರ ಸಂದೇಶ ಎಲ್ಲವೂ ಇವೆ. ಮನೆಯಲ್ಲಿ ಔಷಧಿಯನ್ನು ಮಕ್ಕಳ ಕೈಗೆ ಸಿಗದಂತೆ ಎತ್ತಿಡುವ ನಾವು ಮೊಬೈಲಿಗೂ ಅಷ್ಟೇ ಎಚ್ಚರಿಕೆ ವಹಿಸಬೇಕು. ಇದಕ್ಕೆ ಬೇಕಾದ ಸೌಲಭ್ಯಗಳು ಬಹುತೇಕ ಉಚಿತವಾಗಿಯೇ ಸಿಗುತ್ತವೆ.

ಬೀಗಗಳಲ್ಲಿ ಮೂರು ಬಗೆ

1. ಸಮಯದ ಬೀಗ: ದಿನಕ್ಕೆ ಎಷ್ಟು ಹೊತ್ತು, ರಾತ್ರಿ ಎಷ್ಟು ಗಂಟೆಗೆ ಬಂದ್ ಎಂಬುದನ್ನು ನಿಗದಿ ಮಾಡುತ್ತದೆ.
2. ಆ್ಯಪ್ ಬೀಗ: ಯಾವ ಆ್ಯಪ್ ಹಾಕಿಕೊಳ್ಳಬಹುದು, ಯಾವುದು ಬೇಡ ಎಂಬುದನ್ನು ಪೋಷಕರು ತೀರ್ಮಾನಿಸುತ್ತಾರೆ.
3. ವೆಬ್ ಫಿಲ್ಟರ್: ಕೆಟ್ಟ ಜಾಲತಾಣಗಳನ್ನು ಜರಡಿ ಹಿಡಿದಂತೆ ತಡೆಯುತ್ತದೆ.

ಈ ಮೂರರಲ್ಲಿ ನಿಮಗೆ ಯಾವುದು ಬೇಕು ಎಂಬುದು ಮಗುವಿನ ವಯಸ್ಸು ಹಾಗೂ ಮೊಬೈಲ್ ಯಾರದು ಎಂಬುದರ ಮೇಲೆ ಅವಲಂಬಿಸಿದೆ.

ಮನೆಗೆಲ್ಲ ಒಂದೇ ಮೊಬೈಲ್ ಇದ್ದರೆ

ನಮ್ಮಲ್ಲಿಗೆ ಬರುವ ಅನೇಕ ಕುಟುಂಬಗಳಲ್ಲಿ ಅಪ್ಪನ ಅಥವಾ ಅಮ್ಮನ ಮೊಬೈಲನ್ನೇ ಮಕ್ಕಳೂ ಬಳಸುತ್ತಾರೆ. ಅಂಥವರು ಹೀಗೆ ಮಾಡಬಹುದು.

• ಆ್ಯಪ್ ಪಿನ್ನಿಂಗ್: ಆಂಡ್ರಾಯ್ಡ್ ಮೊಬೈಲಿನ ಸೆಕ್ಯುರಿಟಿ ಸೆಟ್ಟಿಂಗ್ಸ್‌ನಲ್ಲಿ ಇದು ಇರುತ್ತದೆ. ಒಂದು ಆ್ಯಪನ್ನು ತೆರೆದು ಪಿನ್ ಮಾಡಿ ಕೊಟ್ಟರೆ ಮಗು ಅದರಿಂದ ಹೊರಬಂದು ಬೇರೆಡೆ ಹೋಗಲಾರದು. ಹೊರಬರಲು ನಿಮ್ಮ ಗುಪ್ತ ಸಂಖ್ಯೆ ಕೇಳುವಂತೆ ಮಾಡುವುದನ್ನು ಮರೆಯಬೇಡಿ. ಐಫೋನಿನಲ್ಲಿ ಇದೇ ಕೆಲಸಕ್ಕೆ ಗೈಡೆಡ್ ಆಕ್ಸೆಸ್ ಇದೆ.
• ಚಿಕ್ಕ ಮಕ್ಕಳಿಗೆ ಸಾಮಾನ್ಯ ಯೂಟ್ಯೂಬ್ ಬದಲು ಯೂಟ್ಯೂಬ್ ಕಿಡ್ಸ್ ಹಾಕಿಕೊಡಿ. ಭಾರತದಲ್ಲಿ ಇದು 2016ರಿಂದ ಲಭ್ಯವಿದೆ. 4 ವರ್ಷ ಮತ್ತು ಅದಕ್ಕಿಂತ ಕಡಿಮೆ, 5ರಿಂದ 8, 9ರಿಂದ 12 ಎಂದು ವಯಸ್ಸನ್ನು ಆರಿಸಬಹುದು. ನೀವೇ ಒಪ್ಪಿದ ವಿಡಿಯೊಗಳು ಮಾತ್ರ ಬರುವಂತೆಯೂ ಮಾಡಬಹುದು.
• ವಾಟ್ಸ್‌ಆ್ಯಪ್‌ನಲ್ಲಿ ಚಿತ್ರ ಮತ್ತು ವಿಡಿಯೊ ತಾನಾಗಿ ಇಳಿಯುವುದನ್ನು ನಿಲ್ಲಿಸಿ. ದೊಡ್ಡವರ ಗುಂಪಿನಲ್ಲಿ ಬಂದ ಕೆಟ್ಟ ಚಿತ್ರ ಗ್ಯಾಲರಿಯಲ್ಲಿ ಕುಳಿತು ಮಗುವಿನ ಕಣ್ಣಿಗೆ ಬೀಳುವುದು ಇದರಿಂದ ತಪ್ಪುತ್ತದೆ.
• ಫೋನ್‌ಪೇ, ಗೂಗಲ್ ಪೇ ಮುಂತಾದವುಗಳ ಪಿನ್ ಮಕ್ಕಳಿಗೆ ತಿಳಿಯದಿರಲಿ. ಪ್ಲೇಸ್ಟೋರಿನಲ್ಲಿ ಪ್ರತಿ ಖರೀದಿಗೂ ಗುಪ್ತಪದ ಕೇಳುವಂತೆ ಮಾಡಿ. ಚಿಕಿತ್ಸೆಗೆಂದು ಕೂಡಿಟ್ಟ ಹಣ ಆಟದ ಪಾಲಾಗಬಾರದು.

ಮಗುವಿಗೇ ಬೇರೆ ಮೊಬೈಲ್ ಇದ್ದರೆ

ಆಂಡ್ರಾಯ್ಡ್ ಮೊಬೈಲಿಗೆ ಗೂಗಲ್ ಸಂಸ್ಥೆಯ ಫ್ಯಾಮಿಲಿ ಲಿಂಕ್ ಒಳ್ಳೆಯ ಆಯ್ಕೆ. 2017ರಲ್ಲಿ ಆರಂಭವಾದ ಇದು ಉಚಿತ. ಪೋಷಕರ ಮೊಬೈಲಿನಲ್ಲಿ ಈ ಆ್ಯಪ್ ಹಾಕಿಕೊಂಡು ಮಗುವಿನ ಗೂಗಲ್ ಖಾತೆಯನ್ನು ಅದಕ್ಕೆ ಜೋಡಿಸಬೇಕು. ಖಾತೆ ತೆರೆಯುವಾಗ ಮಗುವಿನ ನಿಜವಾದ ಹುಟ್ಟಿದ ದಿನಾಂಕವನ್ನೇ ಕೊಡಿ. ಬೇಗ ಮುಗಿಯಲೆಂದು ದೊಡ್ಡ ವಯಸ್ಸು ಬರೆದರೆ ಮಕ್ಕಳಿಗೆಂದು ಇರುವ ರಕ್ಷಣೆಗಳು ಸಿಗುವುದಿಲ್ಲ.

ಜೋಡಿಸಿದ ಮೇಲೆ ಮಗು ಹೊಸ ಆ್ಯಪ್ ಹಾಕಬೇಕೆಂದರೆ ನಿಮ್ಮ ಮೊಬೈಲಿಗೆ ಕೋರಿಕೆ ಬರುವಂತೆ ಮಾಡಬಹುದು. ದಿನದ ಮಿತಿಯನ್ನೂ ಮಲಗುವ ವೇಳೆಯನ್ನೂ ನಿಗದಿಪಡಿಸಬಹುದು. ಯಾವ ಆ್ಯಪ್ ಎಷ್ಟು ಹೊತ್ತು ಬಳಕೆಯಾಯಿತು ಎಂಬ ಲೆಕ್ಕವೂ ಸಿಗುತ್ತದೆ. ನೀವು ಇಲ್ಲಿ ವಾರ್ಡಿನಲ್ಲಿದ್ದು ಮಗು ಊರಿನಲ್ಲಿದ್ದರೂ ಇಂಟರ್‌ನೆಟ್ ಇದ್ದರೆ ಇಲ್ಲಿಂದಲೇ ಇದನ್ನು ನಡೆಸಬಹುದು.

ಐಫೋನ್ ಆದರೆ 2018ರಿಂದ ಸೆಟ್ಟಿಂಗ್ಸ್‌ನಲ್ಲಿಯೇ ಸ್ಕ್ರೀನ್ ಟೈಮ್ ಎಂಬ ವ್ಯವಸ್ಥೆ ಇದೆ. ಅದಕ್ಕೆ ಇಡುವ ಸಂಖ್ಯೆ ಮೊಬೈಲ್ ತೆರೆಯುವ ಸಂಖ್ಯೆಗಿಂತ ಬೇರೆಯಾಗಿರಲಿ.

ವೆಬ್ ಫಿಲ್ಟರ್ ಹೇಗೆ ಕೆಲಸ ಮಾಡುತ್ತದೆ?

ನಾವು ಯಾವುದೇ ಜಾಲತಾಣದ ಹೆಸರು ಒತ್ತಿದಾಗ ಮೊಬೈಲು ಮೊದಲು ಡಿಎನ್‌ಎಸ್ ಎಂಬ ವಿಳಾಸ ಪುಸ್ತಕವನ್ನು ವಿಚಾರಿಸುತ್ತದೆ. ಅಶ್ಲೀಲ ತಾಣಗಳ ವಿಳಾಸವನ್ನೇ ಕೊಡದ ಪುಸ್ತಕವನ್ನು ನಾವು ಆರಿಸಿಕೊಂಡರೆ ಆ ತಾಣ ತೆರೆಯುವುದಿಲ್ಲ. ಕ್ಲೌಡ್‌ಫ್ಲೇರ್ ಸಂಸ್ಥೆ 2020ರಿಂದ ಕುಟುಂಬಗಳಿಗಾಗಿ ಇಂಥ ಉಚಿತ ಸೇವೆ ಕೊಡುತ್ತಿದೆ. ಆಂಡ್ರಾಯ್ಡ್ 9 ಮತ್ತು ನಂತರದ ಮೊಬೈಲುಗಳಲ್ಲಿ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿರುವ ಪ್ರೈವೇಟ್ ಡಿಎನ್‌ಎಸ್ ಎಂಬಲ್ಲಿ "ಫ್ಯಾಮಿಲಿ ಡಾಟ್ ಕ್ಲೌಡ್‌ಫ್ಲೇರ್ ಹೈಫನ್ ಡಿಎನ್‌ಎಸ್ ಡಾಟ್ ಕಾಮ್" ಎಂದು ಇಂಗ್ಲಿಷಿನಲ್ಲಿ ಬರೆದರೆ ಸಾಕು. ತಿಳಿಯದಿದ್ದರೆ ಕಾಲೇಜಿಗೆ ಹೋಗುವ ನಂಬಿಕಸ್ಥ ಹುಡುಗ ಹುಡುಗಿಯರ ಸಹಾಯ ಪಡೆಯಿರಿ.

ಇದರ ಜೊತೆಗೆ ಗೂಗಲ್ ಹುಡುಕಾಟದಲ್ಲಿ ಸೇಫ್‌ಸರ್ಚ್ ಅನ್ನು "ಫಿಲ್ಟರ್" ಎಂಬಲ್ಲಿಗೆ ಇಡಿ. ಫ್ಯಾಮಿಲಿ ಲಿಂಕ್ ಇದ್ದವರು ಕ್ರೋಮ್‌ನಲ್ಲಿ ನೀವು ಒಪ್ಪಿದ ತಾಣಗಳು ಮಾತ್ರ ತೆರೆಯುವಂತೆಯೂ ಮಾಡಬಹುದು. ಇದು ಚಿಕ್ಕ ಮಕ್ಕಳಿಗೆ ಸೂಕ್ತ. ಮೊಬೈಲಿನಲ್ಲಿ ಕ್ರೋಮ್ ಬಿಟ್ಟು ಬೇರೆ ಬ್ರೌಸರ್ ಇದ್ದರೆ ಅದನ್ನು ನಿಲ್ಲಿಸಿ, ಏಕೆಂದರೆ ಕ್ರೋಮ್‌ಗೆ ಹಾಕಿದ ಬೀಗ ಅದಕ್ಕೆ ತಾಗುವುದಿಲ್ಲ.

ಯಾವುದನ್ನು ತಡೆಯಲಾಗುವುದಿಲ್ಲ?

ಫಿಲ್ಟರ್ ಇಡೀ ತಾಣವನ್ನು ತಡೆಯಬಲ್ಲದು. ಯೂಟ್ಯೂಬಿನೊಳಗಿನ ಒಂದೊಂದೇ ವಿಡಿಯೊವನ್ನಾಗಲಿ, ವಾಟ್ಸ್‌ಆ್ಯಪ್‌ನಲ್ಲಿ ಬರುವ ಸಂದೇಶವನ್ನಾಗಲಿ ಅದು ನೋಡಲಾರದು. ವಿಪಿಎನ್ ಎಂಬ ಆ್ಯಪ್ ಹಾಕಿಕೊಂಡ ಮಕ್ಕಳು ಫಿಲ್ಟರನ್ನು ದಾಟಬಲ್ಲರು. ಪಕ್ಕದ ಮನೆಯ ಗೆಳೆಯನ ಮೊಬೈಲಿಗೆ ನಿಮ್ಮ ಬೀಗ ಇರುವುದಿಲ್ಲ. ಆದ್ದರಿಂದ ಬೀಗ ಹಾಕಿ ನಿಶ್ಚಿಂತರಾಗಬೇಡಿ. ಮಗುವಿನ ವಾಟ್ಸ್‌ಆ್ಯಪ್‌ನಲ್ಲಿ ಪರಿಚಿತರು ಮಾತ್ರ ಗುಂಪಿಗೆ ಸೇರಿಸುವಂತೆ ಪ್ರೈವೆಸಿಯಲ್ಲಿ ಬದಲಾಯಿಸಿ.

ವಯಸ್ಸಿಗೆ ತಕ್ಕಂತೆ

ಭಾರತೀಯ ಮಕ್ಕಳ ವೈದ್ಯರ ಸಂಘದ 2021ರ ಮಾರ್ಗಸೂಚಿ ಹೀಗೆ ಹೇಳುತ್ತದೆ.

• 2 ವರ್ಷದೊಳಗೆ: ಯಾವ ಪರದೆಯೂ ಬೇಡ.
• 2ರಿಂದ 5 ವರ್ಷ: ದೊಡ್ಡವರು ಜೊತೆಗಿದ್ದು ದಿನಕ್ಕೆ ಹೆಚ್ಚೆಂದರೆ 1 ಗಂಟೆ.
• 5ರಿಂದ 10 ವರ್ಷ: 2 ಗಂಟೆಗಿಂತ ಕಡಿಮೆ.

ಅದಕ್ಕೂ ಮೇಲಿನ ಮಕ್ಕಳಿಗೆ ನಿದ್ದೆ, ಆಟ, ಓದು, ಊಟ ಕೆಡದಂತೆ ಮಿತಿ ಇರಲಿ. ಹತ್ತು ವರ್ಷದ ಮಗುವಿಗೆ ಹಾಕಿದ ಬೀಗವನ್ನೇ ಹದಿನಾರರ ಮಗನಿಗೂ ಹಾಕಿದರೆ ಅವನು ಕದ್ದು ನೋಡುವುದನ್ನು ಕಲಿಯುತ್ತಾನೆ. ವಯಸ್ಸಾದಂತೆ ಬೀಗ ಸಡಿಲವಾಗಲಿ, ಮಾತು ಹೆಚ್ಚಲಿ.

ಆಯ್ಕೆ ಮಾಡುವಾಗ ಗಮನಿಸಿ

ಮಕ್ಕಳ ಸಂದೇಶಗಳನ್ನೆಲ್ಲ ಗುಟ್ಟಾಗಿ ಓದಿಸುತ್ತೇವೆ ಎನ್ನುವ ಆ್ಯಪ್‌ಗಳಿಂದ ದೂರವಿರಿ. ಮಗುವಿನ ಚಿತ್ರ, ಮಾತು, ಇರುವ ಸ್ಥಳ ಬೇರೆಯವರ ಪಾಲಾಗಬಹುದು. ಪ್ಲೇಸ್ಟೋರಿನ ಹೊರಗಿನಿಂದ ಯಾವ ಆ್ಯಪನ್ನೂ ಇಳಿಸಬೇಡಿ. ಬೀಗ ಹಾಕಿದ್ದನ್ನು ಮಗುವಿಗೆ ತಿಳಿಸಿ, ಏಕೆ ಎಂದೂ ಹೇಳಿ. ಗುಟ್ಟಾಗಿ ಹಾಕಿದ್ದು ಗೊತ್ತಾದ ದಿನ ಮಗುವಿನ ನಂಬಿಕೆ ಹೋಗುತ್ತದೆ. ರಾತ್ರಿ ಎಲ್ಲರ ಮೊಬೈಲೂ ಅಡುಗೆಮನೆಯಲ್ಲೋ ಹಜಾರದಲ್ಲೋ ಚಾರ್ಜಿಗೆ ಇರಲಿ, ನಿಮ್ಮದೂ ಸೇರಿ. ಊಟದ ತಟ್ಟೆಯ ಮುಂದೆ ಅಪ್ಪನೇ ಮೊಬೈಲ್ ಹಿಡಿದರೆ ಮಗುವಿಗೆ ಹೇಳುವ ಮಾತಿಗೆ ಬೆಲೆ ಇರುವುದಿಲ್ಲ.

ಏನಾದರೂ ನಡೆದರೆ

ಮಗು ಕೆಟ್ಟದ್ದನ್ನು ನೋಡಿದೆ ಅಥವಾ ಯಾರೋ ಚಿತ್ರ ಕಳಿಸು ಎಂದು ಪೀಡಿಸುತ್ತಿದ್ದಾರೆ ಎಂದು ತಿಳಿದರೆ ಹೊಡೆಯಬೇಡಿ, ಬೈಯಬೇಡಿ. "ಹೇಳಿದ್ದು ಒಳ್ಳೆಯದಾಯಿತು" ಎನ್ನಿ. ಹೆದರಿಸಿದರೆ ಮಗು ಮುಂದಿನ ಸಲ ನಿಮಗೆ ಹೇಳುವುದಿಲ್ಲ, ಪೀಡಿಸುವವನಿಗೆ ಬೇಕಾದದ್ದೂ ಅದೇ. ಸಂದೇಶಗಳನ್ನು ಅಳಿಸಬೇಡಿ. ಮಕ್ಕಳ ಅಶ್ಲೀಲ ಚಿತ್ರವನ್ನು ಸಾಕ್ಷಿಗೆಂದೂ ಯಾರಿಗೂ ಫಾರ್ವರ್ಡ್ ಮಾಡಬೇಡಿ, ಅದು ಅಪರಾಧ. ಮೊಬೈಲನ್ನೇ ಪೊಲೀಸರಿಗೆ ತೋರಿಸಿ.

• ಮಕ್ಕಳ ಸಹಾಯವಾಣಿ: 1098
• ಹಣ ಕಳೆದುಕೊಂಡರೆ ಸೈಬರ್ ಸಹಾಯವಾಣಿ: 1930
• ಮಾನಸಿಕ ಆರೋಗ್ಯಕ್ಕೆ ಟೆಲಿ ಮಾನಸ್: 14416

ಮಗು ನಿದ್ದೆ ಬಿಟ್ಟು ಮೊಬೈಲ್ ನೋಡುವುದು, ಕಿತ್ತುಕೊಂಡರೆ ವಿಪರೀತ ಸಿಟ್ಟಾಗುವುದು, ಆಟ ಮತ್ತು ಗೆಳೆಯರನ್ನು ದೂರ ಮಾಡುವುದು, ಓದಿನಲ್ಲಿ ಹಿಂದೆ ಬೀಳುವುದು ಕಂಡುಬಂದರೆ ಇದನ್ನು ಹಟವೆಂದು ತಳ್ಳಿಹಾಕದೆ ವೈದ್ಯರಿಗೆ ತೋರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೆಂದೇ ಶಟ್ ಕ್ಲಿನಿಕ್ ನಡೆಯುತ್ತಿದೆ.

ಇವತ್ತೇ ಎಲ್ಲವನ್ನೂ ಮಾಡಬೇಕೆಂದಿಲ್ಲ. ಪ್ಲೇಸ್ಟೋರಿನ ಗುಪ್ತಪದ, ಸೇಫ್‌ಸರ್ಚ್, ರಾತ್ರಿಯ ಮಿತಿ ಈ ಮೂರರಿಂದ ಆರಂಭಿಸಿ. ಉಳಿದದ್ದನ್ನು ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮಾತಾಡುತ್ತ ಮಾಡಿ.