ಕಡಲಿನ ಮೊರೆ, ಒಳನಾಡಿನ ಕಿವಿ

ಬಾದಾಮಿ, ಇಳಕಲ್ಲುಗಳಿಂದ ಕಡಲು ಬಹು ದೂರ. ಆದರೂ ಇಲ್ಲಿಯ ತರುಣನೊಬ್ಬನು ಹಡಗು ನಡೆಸುವ ಅಧಿಕಾರಿಯಾಗಬೇಕಾದರೆ ಆಪತ್ಕಾಲದ ರೇಡಿಯೋ ವಿದ್ಯೆಯನ್ನು ಕಲಿತು ಪರೀಕ್ಷೆಯಲ್ಲಿ ತೇರ್ಗಡೆಯಾಗಲೇಬೇಕು. 1999ರಲ್ಲಿ ಮೋರ್ಸ್ ಸಂಕೇತದ ಬದಲು ಪೂರ್ಣವಾಗಿ ಜಾರಿಗೆ ಬಂದ ವ್ಯವಸ್ಥೆಯಿದು. ಗುಂಡಿಯೊಂದನ್ನು ಒತ್ತಿದೊಡನೆ 156.525 ಮೆಗಾಹರ್ಟ್ಸ್ ಅಲೆಯು ಹಡಗಿನ ಗುರುತನ್ನೂ ಸ್ಥಾನವನ್ನೂ ಸುತ್ತಲಿನ ಹಡಗುಗಳಿಗೆ ತಿಳಿಸುತ್ತದೆ. ಬಳಿಕ ‘ಮೇಡೇ’ ಎಂದು ಮೂರು ಬಾರಿ ಕರೆದು, ಒದಗಿದ ಆಪತ್ತನ್ನು ಮಾತಿನಲ್ಲಿ ಹೇಳಬೇಕು.

ಈ ಅಲೆಗಳು ಹೆಚ್ಚುಕಡಿಮೆ ನೇರವಾಗಿ ಸಾಗುವುದರಿಂದ ಭೂಮಿಯ ಬಾಗಿನಾಚೆಗೆ ಮುಟ್ಟಲಾರವು. ಆದುದರಿಂದಲೇ, ಮುಳುಗುವ ಹಡಗಿನಿಂದ ಕಳಚಿಕೊಂಡು ತೇಲುವ ಪುಟ್ಟ ಪ್ರೇಷಕವೊಂದು 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಗಳನ್ನು ಕರೆಯುತ್ತದೆ. ಭಾರತದ ಸುತ್ತಣ ಕಡಲಿನ ಆ ಮೊರೆಯನ್ನು ಆಲಿಸುವುದು ಬೆಂಗಳೂರಿನ ಇಸ್ರೋ ಕೇಂದ್ರ. ಅಲ್ಲಿಂದ ಸುದ್ದಿಯು ತಟರಕ್ಷಣಾ ಪಡೆಗೆ ಹೋಗುತ್ತದೆ.

ಅಜಾಗರೂಕತೆಯಿಂದ ಎದ್ದ ಸುಳ್ಳು ಮೊರೆಯು, ನಿಜವಾಗಿ ಮುಳುಗುತ್ತಿರುವವರಿಂದ ರಕ್ಷಕರನ್ನು ದೂರ ಸೆಳೆದೀತು. ಆದಕಾರಣ ಕರೆಯುವ ಕ್ರಮದೊಡನೆ ತಪ್ಪು ಕರೆಯನ್ನು ಕೂಡಲೇ ರದ್ದುಪಡಿಸುವ ಕ್ರಮವನ್ನೂ ಈ ಶಿಕ್ಷಣದಲ್ಲಿ ಕಲಿಸುತ್ತಾರೆ.